ಗಂಟಲುಮಾರಿ ವಿಷದ ತಯಾರಿಕೆ ಮತ್ತು ಪೋಷಕ ಮಾಧ್ಯಮ

ಗಂಟಲುಮಾರಿ ರೋಗಾಣು ಹೊರಸೂಸುವ ವಿಷವೇ ಆ ರೋಗದ ಲಸಿಕೆಗೆ ಬೇಕಾದ ಪ್ರತಿಜನಕ. ರೋಗಾಣುವನ್ನು ಬೆಳೆಸುವ ಪೋಷಕ ಮಾಧ್ಯಮದಲ್ಲಿ ಏನಿದೆ, ಏನಿಲ್ಲ ಎಂಬುದರ ಮೇಲೆ ಈ ವಿಷದ ಪ್ರಮಾಣ ನಿಲ್ಲುತ್ತದೆ. ಹುಲುಸಾಗಿ ಬೆಳೆದ ರೋಗಾಣು ಹೆಚ್ಚು ವಿಷ ಕೊಡುತ್ತದೆಂಬ ಭರವಸೆಯಿಲ್ಲ.

1888ರಲ್ಲಿ ಎಮಿಲ್ ರೂ ಮತ್ತು ಅಲೆಕ್ಸಾಂಡರ್ ಯೆರ್ಸಿನ್ ರೋಗಾಣುವನ್ನು ಸಾರಿನಲ್ಲಿ ಬೆಳೆಸಿ ಸೋಸಿದರು. ಜೀವಿಯೇ ಇಲ್ಲದ ಆ ದ್ರವವೂ ಪ್ರಾಣಿಗಳನ್ನು ಕೊಂದಿತು. ಮುಂದೆ ಕುದುರೆಗಳಿಗೆ ಚುಚ್ಚಿ ಪ್ರತಿವಿಷ ಪಡೆಯುವ ಕೆಲಸ ಆರಂಭವಾದಾಗ ತೀಕ್ಷ್ಣ ವಿಷಕ್ಕೆ ಬೇಡಿಕೆ ಬಂತು. ಆದರೆ ಮಾಂಸದ ಸಾರು ನಂಬಿಕೆಗೆ ಅರ್ಹವಾಗಿರಲಿಲ್ಲ. ಮೊದಲ ಅನುಮಾನ ಮಾಂಸದಲ್ಲಿರುವ ಸಕ್ಕರೆಯ ಮೇಲೆ: ಅದು ಹುದುಗಿ ಸಾರನ್ನು ಆಮ್ಲೀಯವಾಗಿಸಿದರೆ ವಿಷ ಕುಗ್ಗುತ್ತಿತ್ತು. ಡೆಕ್ಸ್‌ಟ್ರೋಸ್‌ಗೂ ವಿಷಕ್ಕೂ ಇರುವ ಸಂಬಂಧವನ್ನು ಥಿಯೊಬಾಲ್ಡ್ ಸ್ಮಿತ್ 1899ರಲ್ಲಿ ವಿವರಿಸಿದರು. ಬೇರೊಂದು ಬ್ಯಾಕ್ಟೀರಿಯಾಕ್ಕೆ ಆ ಸಕ್ಕರೆಯನ್ನು ಮೊದಲೇ ತಿನ್ನಿಸಿಬಿಡುವುದು ಅವರ ಉಪಾಯ.

ಸಕ್ಕರೆ ತೆಗೆದರೂ ಒಗಟು ಪೂರ್ತಿ ಬಿಡಲಿಲ್ಲ. 1936ರಲ್ಲಿ ಪ್ಯಾಪನ್‌ಹೈಮರ್ ಮತ್ತು ಜಾನ್ಸನ್ ನಿಜವಾದ ಕಾರಣವನ್ನು ಹಿಡಿದರು: ಕಬ್ಬಿಣ. ಲೀಟರಿಗೆ ಸುಮಾರು 0.1 ಮಿಲಿಗ್ರಾಂ ಇದ್ದಾಗ ವಿಷ ಹೇರಳ. ಅದಕ್ಕಿಂತ ಹೆಚ್ಚಾದಂತೆ ರೋಗಾಣು ಸೊಂಪಾಗಿ ಬೆಳೆಯುತ್ತದೆ, ವಿಷ ಮಾತ್ರ ಇಳಿಯುತ್ತದೆ. ಮಾಂಸ, ಪೆಪ್ಟೋನ್, ನೀರು ಎಲ್ಲದರಲ್ಲೂ ಒಂದಿಷ್ಟು ಕಬ್ಬಿಣವಿರುವುದರಿಂದ ಹಳೆಯ ಸಾರುಗಳ ಚಂಚಲತೆಗೆ ಇದೇ ಸಾಕಷ್ಟು ವಿವರಣೆ. ಕ್ಯಾಲ್ಸಿಯಂ ಫಾಸ್ಫೇಟನ್ನು ಗಸಿಯಾಗಿ ಇಳಿಸಿ, ಅದರೊಡನೆ ಕಬ್ಬಿಣವನ್ನೂ ತೆಗೆಯುವ ಕ್ರಮ ತಯಾರಕರಲ್ಲಿ ರೂಢಿಗೆ ಬಂತು. 1941ರಲ್ಲಿ ಮ್ಯೂಲರ್ ಮತ್ತು ಮಿಲ್ಲರ್ ಪ್ರತಿ ಬಾರಿಯೂ ಒಂದೇ ಫಲ ಕೊಡುವ, ಪ್ರಬಲ ವಿಷದ ಮಾಧ್ಯಮವೊಂದನ್ನು ಪ್ರಕಟಿಸಿದರು.

ಕಬ್ಬಿಣದ ಈ ಪ್ರಭಾವದ ಒಳಗುಟ್ಟು ತಿಳಿಯಲು ಇನ್ನೂ ಅರ್ಧ ಶತಮಾನ ಬೇಕಾಯಿತು. ವಿಷ ತಯಾರಿಸುವ ಶಕ್ತಿ ರೋಗಾಣುವಿಗೆ ಒಂದು ವೈರಸ್‌ನಿಂದ ಬರುತ್ತದೆಂದು 1951ರಲ್ಲಿ ಫ್ರೀಮನ್ ತೋರಿಸಿದ್ದರು. ವಿಷದ ವಂಶವಾಹಿ ವೈರಸ್‌ನದಾದರೂ ಅದಕ್ಕೆ ಬೀಗ ಹಾಕುವ ಪ್ರೋಟೀನು ರೋಗಾಣುವಿನದೇ. ಕಬ್ಬಿಣ ಅಂಟಿಕೊಂಡಾಗಷ್ಟೇ ಅದು ಕೆಲಸ ಮಾಡುತ್ತದೆ. ಈ ಪ್ರೋಟೀನಿನ ವಂಶವಾಹಿ 1990ರಲ್ಲಿ ಸಿಕ್ಕಿತು. ಮನುಷ್ಯನ ದೇಹದಲ್ಲಿ ಕಬ್ಬಿಣ ಪ್ರೋಟೀನುಗಳ ಹಿಡಿತದಲ್ಲಿರುವುದರಿಂದ, ಕಬ್ಬಿಣದ ಬರವೇ ರೋಗಾಣುವಿಗೆ ತಾನೀಗ ದೇಹದೊಳಗಿದ್ದೇನೆ ಎಂಬ ಸೂಚನೆಯೆಂದು ಭಾವಿಸಬಹುದು.

ನಾಯಿಕೆಮ್ಮಿನ ರೋಗಾಣುವಿನದು ಇದೇ ಜಾತಿಯ, ಆದರೆ ಬೇರೆ ಲವಣದ ಕಥೆ. ಮೆಗ್ನೀಸಿಯಂ ಸಲ್ಫೇಟ್ ಹೆಚ್ಚಿದ್ದರೆ ಅದು ಮುಖ್ಯ ಪ್ರತಿಜನಕಗಳನ್ನು ಕೈಬಿಡುತ್ತದೆ, ಮಾಧ್ಯಮ ಬದಲಿಸಿದರೆ ಮತ್ತೆ ತಯಾರಿಸುತ್ತದೆ ಎಂದು ಲೇಸಿ 1960ರಲ್ಲಿ ವರದಿ ಮಾಡಿದರು. 1970ರಲ್ಲಿ ಸ್ಟೈನರ್ ಮತ್ತು ಷೋಲ್ಟೆ ಈ ರೋಗಾಣುವಿಗಾಗಿ ರಕ್ತ ಬೇಡದ, ಪ್ರತಿ ಘಟಕವೂ ಗೊತ್ತಿರುವ ಮಾಧ್ಯಮವನ್ನು ರೂಪಿಸಿದರು. ಅದರ ಮಾರ್ಪಾಡುಗಳು ಇಂದಿಗೂ ಬಳಕೆಯಲ್ಲಿವೆ.