ಕತ್ತಿ ಮತ್ತು ಜಹಗೀರು

ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಹೋಗುವ ದಾರಿ ದೂರದ್ದಲ್ಲ. ಅಲ್ಲಿಂದ ಹನೂರೂ ಹತ್ತಿರವೇ. ನುಡಿ ಒಂದು, ಸಂತೆಗಳ ಸಂಬಂಧ ಒಂದು. ಆದರೂ ನೂರೈವತ್ತು ವರ್ಷಗಳಿಗೂ ಮೀರಿ ಯಳಂದೂರು ಮೈಸೂರಿನದಾಗಿಯೂ, ಕೊಳ್ಳೇಗಾಲ ಹನೂರುಗಳು ಮದರಾಸಿನ ಕೊಯಮತ್ತೂರು ಜಿಲ್ಲೆಯವಾಗಿಯೂ ಉಳಿದುವು. ಈ ಗಡಿಯನ್ನು ಎಳೆದವರಾರೆಂದು ವಿಚಾರಿಸಿದರೆ, ನಾವು 1799ರ ಮೇ 4ನೆಯ ತಾರೀಖಿನ ಶ್ರೀರಂಗಪಟ್ಟಣಕ್ಕೆ ಹೋಗಬೇಕಾಗುವುದು.

ಆ ದಿನ ಕೋಟೆಗೆ ಲಗ್ಗೆಯಿಟ್ಟ ದಂಡಿನ ಮುಂದಾಳು ಮೇಜರ್ ಜನರಲ್ ಡೇವಿಡ್ ಬೇರ್ಡ್. 1780ರ ಪೊಳ್ಳಿಲೂರು ಕಾಳಗದಲ್ಲಿ ಸೆರೆಸಿಕ್ಕಿ, ಇದೇ ಪಟ್ಟಣದಲ್ಲಿ ಮೂರು ವರ್ಷಗಳಿಗೂ ಹೆಚ್ಚು ಕಾಲ ಬಂದಿಯಾಗಿದ್ದವನು. ಟಿಪ್ಪುಸುಲ್ತಾನನ ಶಯನಗೃಹದಲ್ಲಿ ದೊರೆತ ಕತ್ತಿಯನ್ನು ಸೈನ್ಯವು ಅವನಿಗೆ ಕಾಣಿಕೆಯಾಗಿ ಕೊಟ್ಟಿತು. ಕೋಟೆಯ ಅಧಿಕಾರವಾದರೋ ಅವನಿಗೆ ಉಳಿಯಲಿಲ್ಲ. ಅದು ಆರ್ಥರ್ ವೆಲ್ಲೆಸ್ಲಿಯ ಪಾಲಾಯಿತು. ಸಮುದ್ರ ದಾಟಿದ ಆ ಕತ್ತಿ 2023ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ ಒಂದು ಕೋಟಿ ನಲವತ್ತು ಲಕ್ಷ ಪೌಂಡುಗಳಿಗೂ ಮೀರಿ ಮಾರಾಟವಾಯಿತು.

ಅದೇ ಪತನದಿಂದ ಇನ್ನೊಬ್ಬನ ಬಾಳೂ ತಿರುಗಿತು. ಹೈದರನಿಗೂ ಟಿಪ್ಪುವಿಗೂ ಹಣಕಾಸು ನಡೆಸಿದ್ದ ಪೂರ್ಣಯ್ಯನವರು ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ದಿವಾನರಾದರು. ಸೋತ ದೊರೆಯ ಮಂತ್ರಿ ಗೆದ್ದವರ ಮಂತ್ರಿಯಾದುದನ್ನು ಕೆಲವರು ದ್ರೋಹವೆಂದರು, ಕೆಲವರು ರಾಜ್ಯವನ್ನು ಉಳಿಸಿದ ವಿವೇಕವೆಂದರು. ನಾವು ತೀರ್ಪು ಕೊಡುವ ಮುನ್ನ ಕೆಲಸವನ್ನು ನೋಡೋಣ. ಕೆರೆ ಕಾಲುವೆಗಳು ದುರಸ್ತಿಯಾದುವು. 1804ರಲ್ಲಿ ಕಾವೇರಿಗೆ ಕಲ್ಲುಕಂಬಗಳ ಸೇತುವೆಯಾಯಿತು. ಬೊಕ್ಕಸದಲ್ಲಿ ಎರಡು ಕೋಟಿ ರೂಪಾಯಿಗೂ ಮೀರಿದ ಹಣ ಕೂಡಿತು. ದೇಶವನ್ನು ಬಿಡುವಾಗ ವೆಲ್ಲೆಸ್ಲಿಯು ಪೂರ್ಣಯ್ಯನವರಿಗೆ ತನ್ನ ಚಿತ್ರಪಟವನ್ನು ಕಳುಹಿಸಿದನು. 1807ರಲ್ಲಿ ಯಳಂದೂರು ಅವರಿಗೆ ವಂಶಪಾರಂಪರ್ಯದ ಜಹಗೀರಾಯಿತು. 1811ರಲ್ಲಿ ಅಧಿಕಾರವನ್ನು ಬಿಟ್ಟ ಅವರು, 1812ರಲ್ಲಿ ಶ್ರೀರಂಗಪಟ್ಟಣದಲ್ಲಿಯೇ ಕಾಲವಾದರು.

ಒಬ್ಬನಿಗೆ ಕತ್ತಿ, ಒಬ್ಬನಿಗೆ ಊರು. ನೆರೆಯ ರೈತನಿಗೆ ದೊರೆತುದಾದರೂ ಏನು? 1799ರ ಹಂಚಿಕೆಯಲ್ಲಿ ಕೊಯಮತ್ತೂರು ಸೀಮೆ ಕಂಪೆನಿಗೆ ಸೇರಿತು. ಅದರೊಡನೆ ಕೊಳ್ಳೇಗಾಲವೂ ಹೋಯಿತು. ಮನೆಯಲ್ಲಿ ಕನ್ನಡವಾಡುವವನು ತನ್ನ ಅಹವಾಲನ್ನು ಘಟ್ಟದಾಚೆಯ ಕಚೇರಿಗೆ ಒಯ್ಯಬೇಕಾಯಿತು. 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಮರಳಿತು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾದಾಗ ನೆರೆಹೊರೆಯ ಈ ಊರುಗಳು ಆ ಜಿಲ್ಲೆಗೆ ಸೇರಿದುವು.

ಕತ್ತಿಗೆ ಬೆಲೆಕಟ್ಟಿದವರಿದ್ದಾರೆ. ಅದು ಎಳೆದ ಗೆರೆಗೆ ಜನರು ತೆತ್ತ ಬೆಲೆಯನ್ನು ಯಾವ ಹರಾಜಿನಲ್ಲಿಯೂ ಕೂಗಲಿಲ್ಲ. ಅದನ್ನು ನೆನೆಯುವುದು ಚರಿತ್ರೆಯನ್ನೋದುವ ನಮ್ಮ ಕರ್ತವ್ಯ.