ಮೈಸೂರು ತೆತ್ತ ಫೌಜಿನ ಕಪ್ಪ

ಒಂದು ದೇಶ ತನ್ನ ಸೈನ್ಯಕ್ಕೆ ಎಷ್ಟು ಖರ್ಚು ಮಾಡಬೇಕು? ಪ್ರತಿ ವರ್ಷ ಕೇಂದ್ರದ ಬಜೆಟ್ ಮಂಡನೆಯಾದಾಗ ಈ ಪ್ರಶ್ನೆ ಒಂದೆರಡು ದಿನ ಪತ್ರಿಕೆಗಳಲ್ಲಿ ಕಾಣಿಸಿಕೊಂಡು ಮರೆಯಾಗುತ್ತದೆ. ಹೆಚ್ಚು ಕೊಡಿ ಎಂದವರೆಲ್ಲ ದೇಶಭಕ್ತರು, ಲೆಕ್ಕ ಕೇಳಿದವರೆಲ್ಲ ಸಂಶಯಾಸ್ಪದರು ಎಂದು ವಿಂಗಡಿಸಿಬಿಟ್ಟರೆ ಚರ್ಚೆ ಅಲ್ಲಿಗೇ ಮುಗಿಯಿತು. ಆದರೆ ಈ ಪ್ರಶ್ನೆಗೆ ನಮ್ಮ ಮೈಸೂರು ಸೀಮೆಯ ಚರಿತ್ರೆಯಲ್ಲೇ ಒಂದೂವರೆ ಶತಮಾನದ ಲೆಕ್ಕ ಬಿದ್ದಿದೆ. ಅದನ್ನೊಮ್ಮೆ ತೆರೆದು ನೋಡೋಣ.

ಟಿಪ್ಪು ಸುಲ್ತಾನನ ರಾಜ್ಯ ಫೌಜಿನ ಮೇಲೆ ನಿಂತ ರಾಜ್ಯ. ಕುದುರೆ, ಫಿರಂಗಿ, ರಾಕೆಟ್ಟು, ಕೋಟೆ ಇವುಗಳಿಗೆ ಖಜಾನೆ ಧಾರಾಳವಾಗಿ ಹರಿಯಿತು. ಆದರೂ 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಅರ್ಧ ರಾಜ್ಯ ಕೈಬಿಟ್ಟಿತು. 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿತ್ತು. ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕಾಯಿತು. ದಂಡ ಸಂದಾಯವಾಗಿ ಆ ಮಕ್ಕಳು ಮರಳಿದ್ದು 1794ರಲ್ಲಿ. ಆ ಹಣದ ಭಾರ ಕೊನೆಗೆ ಬಿದ್ದದ್ದು ಪ್ರಜೆಗಳ ಮೇಲೂ ಹೌದು. ಟಿಪ್ಪುವನ್ನು ಮೆಚ್ಚುವ ನಾವು ಈ ಮಾತನ್ನು ಮುಚ್ಚಿಡಬೇಕಾಗಿಲ್ಲ. ಶತ್ರುಗಳು ಮೂರು ದಿಕ್ಕಿನಿಂದ ಒಂದಾಗಿ ಬಂದಾಗ ದೊಡ್ಡ ಸೈನ್ಯವೊಂದೇ ಸಾಲದು.

ಹಾಗಾದರೆ ಸೈನ್ಯದ ಹೊರೆ ಇಳಿಸಿಕೊಂಡರೆ ನಾಡು ಸುಖವಾಗಿರುತ್ತದೆಯೇ? 1799ರ ನಂತರದ ಮೈಸೂರು ಇದಕ್ಕೆ ಉತ್ತರ ಕೊಡುತ್ತದೆ. ಟಿಪ್ಪು ಮಡಿದ ಮೇಲೆ ಒಡೆಯರ ವಂಶದ ಬಾಲಕನಿಗೆ ಪಟ್ಟ ಕಟ್ಟಿದ ಕಂಪನಿ ಸರ್ಕಾರ, ನಾಡಿನ ರಕ್ಷಣೆ ತನ್ನದೆಂದಿತು. ಅದಕ್ಕೆ ಪ್ರತಿಯಾಗಿ ವರ್ಷಕ್ಕೆ 7 ಲಕ್ಷ ವರಹ, ಅಂದರೆ 24 ಲಕ್ಷ 50 ಸಾವಿರ ರೂಪಾಯಿ ಕಟ್ಟಬೇಕು. ಅರಸರಿಗೆ ಬಿಟ್ಟುಕೊಟ್ಟ ಸೀಮೆಯ ಹುಟ್ಟುವಳಿಯನ್ನು ಆಗ ಎಣಿಸಿದ್ದು ಸುಮಾರು 13 ಮುಕ್ಕಾಲು ಲಕ್ಷ ವರಹ. ಅದರ ಅರ್ಧಕ್ಕೂ ಮೇಲೆ ಪರರ ಫೌಜಿಗೆ ಹೋಯಿತು. ಇಷ್ಟು ಸಾಲದೆಂಬಂತೆ, ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1807ರಲ್ಲಿ, 4000 ಸವಾರರ ಪಡೆಯನ್ನೂ ಮೈಸೂರೇ ಸಾಕಬೇಕೆಂದು ನಿಗದಿಯಾಯಿತು. ಇವರೇ ಸಿಲ್ಲೇದಾರರು. ಉರ್ದು ಓದಿದವರಿಗೆ ಗೊತ್ತು, ಸಿಲಾಹ್ ಎಂದರೆ ಆಯುಧ. ಆಯುಧ ಹಿಡಿದವರು ನಮ್ಮವರು, ಅನ್ನ ಹಾಕಿದವರು ನಮ್ಮ ರೈತರು. ಯಾವ ಯುದ್ಧಕ್ಕೆ ಹೋಗಬೇಕೆಂದು ಹೇಳುವವರು ಮಾತ್ರ ಬೇರೆ.

ಒಪ್ಪಂದದಲ್ಲಿ ಇನ್ನೊಂದು ಕೊಕ್ಕೆಯಿತ್ತು. ಕಪ್ಪ ಸಲ್ಲುವುದರ ಬಗ್ಗೆ ಕಂಪನಿಗೆ ಅನುಮಾನ ಬಂದರೆ ಆಡಳಿತವನ್ನೇ ತೆಗೆದುಕೊಳ್ಳಬಹುದು. 1830-31ರಲ್ಲಿ ಕಂದಾಯದ ಒತ್ತಡ ತಾಳಲಾರದೆ ನಗರ ಸೀಮೆಯ ರೈತರು ಕೂಟ ಸೇರಿ ದಂಗೆಯೆದ್ದರು. ಅದನ್ನು ಅಡಗಿಸಲು ಕಂಪನಿಯ ಸೈನ್ಯವೇ ಬಂತು. ನಾಡನ್ನು ಕಾಯಲೆಂದು ರೈತರು ಯಾವ ಫೌಜಿಗೆ ಹಣ ತೆತ್ತಿದ್ದರೋ ಅದೇ ಫೌಜು ಅವರ ಮೇಲೆ ತಿರುಗಿತು. 1831ರಲ್ಲಿ ಆಡಳಿತವೂ ಕೈತಪ್ಪಿತು. ಮರಳಿ ಬಂದದ್ದು 50 ವರ್ಷಗಳ ಮೇಲೆ.

ಆ ಮರಳಿಕೆಯೂ ಪುಕ್ಕಟೆಯಲ್ಲ. 1876-78ರ ಬರದಲ್ಲಿ ಮೈಸೂರು ಲಕ್ಷಾಂತರ ಜನರನ್ನು ಕಳೆದುಕೊಂಡಿತ್ತು. 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಳಿದಿತ್ತು. ತಲೆಯ ಮೇಲೆ 80 ಲಕ್ಷ ರೂಪಾಯಿ ಸಾಲವಿತ್ತು. ಇಂಥ ನಾಡಿಗೆ 1881ರಲ್ಲಿ ಕಪ್ಪವನ್ನು 35 ಲಕ್ಷಕ್ಕೆ ಏರಿಸಿದರು. ಬರದ ನೆಪದಲ್ಲಿ ಏರಿಕೆಯನ್ನು ಮುಂದೂಡಿ 1896ರಿಂದ ವಸೂಲಿ ಮಾಡಿದರು. ಈ ಹೆಚ್ಚುವರಿ ಹತ್ತೂವರೆ ಲಕ್ಷ ರದ್ದಾದದ್ದು 1920ರ ದಶಕದ ಕೊನೆಗೆ, ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ. ಈ ನಡುವೆ ಮೈಸೂರು ಲ್ಯಾನ್ಸರ್ಸ್ ಸವಾರರು 1918ರ ಸೆಪ್ಟೆಂಬರಿನಲ್ಲಿ ದೂರದ ಹೈಫಾದಲ್ಲಿ ಕಾದಾಡಿದರು. ಅವರ ಶೌರ್ಯಕ್ಕೆ ಸಲಾಮು. ಆದರೆ ಆ ಯುದ್ಧ ಬೇಕೆ ಬೇಡವೆ ಎಂದು ಮೈಸೂರನ್ನು ಯಾರೂ ಕೇಳಿರಲಿಲ್ಲ.

ಈ ಚರಿತ್ರೆಯಿಂದ ಸೈನ್ಯವೇ ಬೇಡವೆಂಬ ತೀರ್ಮಾನಕ್ಕೆ ಬರುವುದು ತಪ್ಪು. ಸ್ವಂತ ಸೈನ್ಯವಿಲ್ಲದ ಮೈಸೂರು ಹಣ ಉಳಿಸಲಿಲ್ಲ, ಬೇರೆಯವರ ಸೈನ್ಯಕ್ಕೆ ತೆತ್ತಿತು. 1962ರಲ್ಲಿ ಹಿಮಾಲಯದ ಚಳಿಯಲ್ಲಿ ಬೆಚ್ಚನೆಯ ಬಟ್ಟೆಯೂ ಸಾಲದೆ ನಮ್ಮ ಜವಾನರು ಹೋರಾಡಿದ್ದನ್ನೂ ದೇಶ ಕಂಡಿದೆ. ಆ ನಂತರ ಎರಡು ವರ್ಷದೊಳಗೆ ರಕ್ಷಣಾ ವೆಚ್ಚ ಇಮ್ಮಡಿಗೂ ಮೀರಿತು. ಮೊದಲು ಉಳಿಸಿದ್ದರ ಬೆಲೆಯನ್ನು ಸಿಪಾಯಿಗಳು ಪ್ರಾಣದಿಂದ ಕಟ್ಟಿದ್ದರು.

ಆದ್ದರಿಂದ ಎಷ್ಟು ಎಂಬ ಪ್ರಶ್ನೆಯ ಜೊತೆಗೇ ಇನ್ನೆರಡನ್ನು ಕೇಳಬೇಕು. ತೆರುವವರು ಯಾರು? ತೀರ್ಮಾನಿಸುವವರು ಯಾರು? ನಗರದ ರೈತ ತೆರುತ್ತಿದ್ದ, ಕೇಳುವ ಹಕ್ಕು ಅವನಿಗಿರಲಿಲ್ಲ. 2025-26ರ ಬಜೆಟ್ಟಿನಲ್ಲಿ ರಕ್ಷಣೆಗೆ ಇಟ್ಟದ್ದು ಸುಮಾರು 6 ಲಕ್ಷ 81 ಸಾವಿರ ಕೋಟಿ ರೂಪಾಯಿ. ಅದರಲ್ಲಿ 1 ಲಕ್ಷ 60 ಸಾವಿರ ಕೋಟಿ ನಿವೃತ್ತ ಯೋಧರ ಪಿಂಚಣಿಗೆ. ಬೆಂಕಿಪೊಟ್ಟಣ ಕೊಳ್ಳುವ ಬಡವನ ತೆರಿಗೆಯೂ ಇದರಲ್ಲಿ ಸೇರಿದೆ. ಇದು ಹೆಚ್ಚೋ ಕಡಿಮೆಯೋ ಎಂದು ಒಂದೇ ಮಾತಿನಲ್ಲಿ ಹೇಳಲಾಗದು. ಗಡಿಯ ಸ್ಥಿತಿ, ನೆರೆಯವರ ನಡೆ, ಆಸ್ಪತ್ರೆ ಶಾಲೆಗಳ ಅಗತ್ಯ ಎಲ್ಲವನ್ನೂ ತೂಗಬೇಕು. ಆದರೆ ಲೆಕ್ಕ ಕೇಳುವುದಕ್ಕೆ ಇಂದು ನಮಗೆ ಸಂಸತ್ತಿದೆ, ಮಹಾಲೇಖಪಾಲರ ವರದಿಗಳಿವೆ. ಖರೀದಿಸಿದ ಫಿರಂಗಿ ಸಿಡಿಯುತ್ತದೆಯೇ, ಸಿಯಾಚಿನ್‌ನ ಸಿಪಾಯಿಗೆ ಸರಿಯಾದ ಬೂಟು ತಲುಪಿದೆಯೇ ಎಂದು ಕೇಳುವುದು ದೇಶದ್ರೋಹವಲ್ಲ. ಸಿಪಾಯಿಗೆ ನಾವು ಮಾಡಬಹುದಾದ ಮೊದಲ ಉಪಕಾರವೇ ಅದು.