ಮೆಣಸಿನ ನಾಡಿನಲ್ಲಿ ಮನಸ್ಸಿನ ಲೆಕ್ಕ

ಅಂಗಡಿಯ ಬಾಗಿಲು ಹಾಕುವ ಮುನ್ನ ಆ ದಿನದ ಜಮಾಖರ್ಚನ್ನು ಬರೆದಿಡುವುದು ವ್ಯಾಪಾರಿಯ ಪದ್ಧತಿ. ಹಾಗೆಯೇ ಮನಸ್ಸಿನ ಜಮಾಖರ್ಚನ್ನೂ ಹೊತ್ತು ಗೊತ್ತುಮಾಡಿಕೊಂಡು ನೋಡಬೇಕೆಂದು ವಿಧಿಸಿದ ಧರ್ಮವೊಂದು ಭಟ್ಕಳ, ಹೊನ್ನಾವರ, ಕುಮಟೆಗಳ ಸೀಮೆಯಲ್ಲಿ ಅರಸರ ಧರ್ಮವಾಗಿ ಬಾಳಿತ್ತು.

ಘಟ್ಟದ ಮೆಣಸು ಶರಾವತಿಯ ಗುಂಟ ಇಳಿದು ಹೊನ್ನಾವರದಲ್ಲಿ ಹಡಗೇರುತ್ತಿದ್ದ ಕಾಲವದು. ಭಟ್ಕಳದ ಒಳನಾಡಾದ ಹಾಡುವಳ್ಳಿಯಲ್ಲಿಯೂ ಹೊಳೆಯ ದಡದ ಗೇರುಸೊಪ್ಪೆಯಲ್ಲಿಯೂ ಜೈನ ಅರಸರು ಆಳುತ್ತಿದ್ದರು. 16ನೆಯ ಶತಮಾನದ ಉತ್ತರಾರ್ಧದಲ್ಲಿ ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದೇ ಕರೆದರು. ಕುಮಟೆ ತಾಲ್ಲೂಕಿನ ಮಿರ್ಜಾನ ಕೋಟೆಗೂ ಆಕೆಯ ಹೆಸರು ಅಂಟಿಕೊಂಡಿದೆ. ಹಾಡುವಳ್ಳಿಯ ಮಠ ವಿದ್ಯೆಗೂ ಹೆಸರಾಗಿತ್ತು. 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ರಚಿಸಿದ ಭಟ್ಟಾಕಳಂಕ ಆ ಮಠದವನೇ.

ಜೈನರಲ್ಲಿ ಈ ಲೆಕ್ಕಕ್ಕೆ ಪ್ರತಿಕ್ರಮಣವೆಂದು ಹೆಸರು. ಮೀರಿ ಹೋದಲ್ಲಿಂದ ಹಿಂದಕ್ಕೆ ಬರುವುದು ಎಂದರ್ಥ. ಮುನಿಗಳ ಆರು ಆವಶ್ಯಕಗಳಲ್ಲಿ ಅದೂ ಒಂದು. ಹಗಲಿನದೊಂದು, ಇರುಳಿನದೊಂದು, ಪಕ್ಷಕ್ಕೆ, ನಾಲ್ಕು ತಿಂಗಳಿಗೆ, ವರ್ಷಕ್ಕೆ ಒಂದೊಂದು. ನಡೆದಾಡಿ ಬಂದ ಮೇಲೆ ಮತ್ತೊಂದು. ಸಾವು ಸಮೀಪಿಸಿದಾಗ ಕಡೆಯದು. ಹೀಗೆ ಏಳು. ಸಂಸಾರಿಯಾದ ಶ್ರಾವಕನಿಗೆ ಇಷ್ಟು ಬಿಗಿಯಿಲ್ಲ, ಅವನಿಗೆ ಸಾಮಾಯಿಕವುಂಟು. ಎರಡು ಘಳಿಗೆ, ಎಂದರೆ 48 ನಿಮಿಷ, ಕೊಡುಕೊಳ್ಳುವ ವ್ಯವಹಾರವನ್ನೆಲ್ಲ ಬದಿಗಿಟ್ಟು ತನ್ನೊಳಗೆ ತಾನು ನಿಲ್ಲುವುದು. ಬಾನುಲಿಯ ಮೂರು ಭಾಷಣಗಳನ್ನು ಕೇಳುವಷ್ಟು ಹೊತ್ತು!

ಏನನ್ನು ನೋಡಿಕೊಳ್ಳಬೇಕು? ಇಲ್ಲಿಯೇ ಈ ಪದ್ಧತಿಯ ಜಾಣ್ಮೆ ಇರುವುದು. ಕದಿಯಬಾರದೆಂಬ ವ್ರತವನ್ನು ಹಿಡಿದವನು ಎಲ್ಲೆಲ್ಲಿ ಜಾರಬಹುದೆಂಬುದನ್ನು ಉಮಾಸ್ವಾಮಿಯ ತತ್ತ್ವಾರ್ಥಸೂತ್ರ ಐದಾಗಿ ಎಣಿಸಿದೆ: ಕಳ್ಳನಿಗೆ ಕುಮ್ಮಕ್ಕು ಕೊಡುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರಿ ವ್ಯಾಪಾರ ಮಾಡುವುದು, ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಒಳ್ಳೆಯ ಸರಕಿಗೆ ಹುಸಿಯನ್ನು ಬೆರೆಸುವುದು. ಮೆಣಸಿನ ಸೆಟ್ಟಿಗೆ ಇದಕ್ಕಿಂತ ಹತ್ತಿರದ ಪ್ರಶ್ನೆಗಳು ಬೇಕೆ? “ನಾನು ಪಾಪಿ” ಎಂದು ಕೊರಗುವುದು ಸುಲಭ; ಅದರಿಂದ ತಕ್ಕಡಿಯ ಮುಳ್ಳು ಕದಲುವುದಿಲ್ಲ. “ಇಂದು ಯಾರಿಗೆ ಎಷ್ಟು ಕಡಿಮೆ ತೂಗಿದೆ?” ಎಂದು ಕೇಳಿಕೊಂಡವನು ನಾಳೆ ಅದನ್ನು ತುಂಬಿಕೊಡಬೇಕಾಗುತ್ತದೆ. ಆದುದರಿಂದಲೇ ಪ್ರತಿಕ್ರಮಣದ ಬೆನ್ನಿಗೆ ಪ್ರತ್ಯಾಖ್ಯಾನ ಬರುತ್ತದೆ: ಮುಂದೆ ಹಾಗೆ ಮಾಡೆನೆಂಬ ಸಂಕಲ್ಪ. ಅರ್ಥ ತಿಳಿಯದ ಪ್ರಾಕೃತ ಪಾಠವನ್ನು ಗಡಗಡನೆ ಒಪ್ಪಿಸಿ ಎದ್ದರೆ ಫಲವಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಪ್ರಶ್ನೆ ಸ್ಪಷ್ಟವಿದ್ದರೂ ಉತ್ತರ ಯಾವಾಗಲೂ ಸುಲಭವಲ್ಲ. ತಮ್ಮ ರಹದಾರಿಯಿಲ್ಲದ ಹಡಗುಗಳನ್ನು ಪೋರ್ಚುಗೀಸರು ಕಡಲಲ್ಲಿ ಹಿಡಿಯುತ್ತಿದ್ದರು; 1569ರಲ್ಲಿ ಹೊನ್ನಾವರದ ಕೋಟೆಯೂ ಅವರ ವಶವಾಯಿತು. ಆ ಮೇಲೆ ಹೊಳೆಯ ಬಾಯಿಯಲ್ಲಿ ಯಾರ ಕಟ್ಟಳೆಯನ್ನು ಮೀರಿದರೆ ತಪ್ಪು? ರಾಣಿಯದೋ, ಕೋಟೆಯವರದೋ? ಸೂತ್ರ ಅಲ್ಲಿ ಮೌನವಾಗಿದೆ. ಮನುಷ್ಯ ತಾನೇ ಕುಳಿತು ತೂಗಿನೋಡಬೇಕಾದ ಎಡೆಯದು.

ಅದೇ ಭಟ್ಕಳಕ್ಕೆ ಕುದುರೆಗಳೊಡನೆ ಬರುತ್ತಿದ್ದ ಅರಬ್ಬರ ಧರ್ಮದಲ್ಲಿಯೂ ಇಂಥದೊಂದು ಸಾಧನೆಯುಂಟು: ಮುಹಾಸಬ. 857ರಲ್ಲಿ ತೀರಿಕೊಂಡ ಬಾಗ್ದಾದಿನ ಸೂಫಿ ಅಲ್-ಮುಹಾಸಿಬಿಗೆ ಆ ಹೆಸರು ಬಂದುದೇ ತನ್ನ ಲೆಕ್ಕವನ್ನು ತಾನು ನೋಡಿಕೊಳ್ಳುತ್ತಿದ್ದುದರಿಂದ. ನಮ್ಮ ಅಂಗಡಿಗಳ ‘ಹಿಸಾಬು’ ಅದೇ ಬೇರಿನ ಮಾತು.

17ನೆಯ ಶತಮಾನದ ಆರಂಭದಲ್ಲಿ ಗೇರುಸೊಪ್ಪೆ ಕೆಳದಿಯವರ ಕೈಸೇರಿತು. 1623ರಲ್ಲಿ ಈ ದಾರಿಯಾಗಿ ಇಕ್ಕೇರಿಗೆ ಹೋದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಕಂಡುದು ಮರಗಿಡ ಬೆಳೆದ ಹಾಳು ಪಟ್ಟಣವನ್ನು. ಚತುರ್ಮುಖ ಬಸದಿ ಮಾತ್ರ ನಾಲ್ಕು ದಿಕ್ಕಿಗೂ ಬಾಗಿಲಿಟ್ಟುಕೊಂಡು ಇಂದಿಗೂ ನಿಂತಿದೆ. ನಾಡಿನ ಜೈನರ ಮನೆಗಳಲ್ಲಿ ಭಾದ್ರಪದದ ದಶಲಕ್ಷಣ ಪರ್ವ ಕಳೆದ ಮೇಲೆ ಕ್ಷಮಾವಣಿಯ ದಿನ ಬರುತ್ತದೆ. ಅಂದು ಹಿರಿಯರು ಕಿರಿಯರೆನ್ನದೆ ಎದುರುಬದುರು ನಿಂತು, ವರ್ಷದಲ್ಲಿ ನೋಯಿಸಿದ್ದಕ್ಕೆ ಒಬ್ಬರನ್ನೊಬ್ಬರು ಕ್ಷಮೆ ಕೇಳಿಕೊಳ್ಳುತ್ತಾರೆ.